ಗ್ರಾಹಕರ ಗುಟ್ಟು ಕಾಯಲು ಯಾವ ಬೀಗ? ಒಯ್ದವನ ಕೈಯಲ್ಲಿ ಏನು ಉಳಿಯುತ್ತದೆ ಎಂದು ನೋಡಿ ಆರಿಸಿ

"ನಮ್ಮ ಕಂಪನಿಯ ಡೇಟಾ ಭದ್ರವಾಗಿರಬೇಕು, ಯಾವ ಸಾಫ್ಟ್‌ವೇರ್ ಹಾಕಿಸೋಣ ಹೇಳಿ" ಎನ್ನುವವರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾರಿಂದ ಭದ್ರವಾಗಿರಬೇಕು? ಹೆಚ್ಚಿನವರು ಥಟ್ಟನೆ "ಹ್ಯಾಕರ್‌ಗಳಿಂದ" ಎನ್ನುತ್ತಾರೆ. ಅದು ಅರ್ಧ ಉತ್ತರ. ಬಸ್ಸಿನಲ್ಲಿ ಮರೆತು ಬಿಟ್ಟ ಲ್ಯಾಪ್‌ಟಾಪನ್ನು ಎತ್ತಿಕೊಂಡು ಹೋದವನು ಹ್ಯಾಕರ್ ಅಲ್ಲ. ಕೆಲಸ ಬಿಡುವ ಮುನ್ನಾದಿನ ಗ್ರಾಹಕರ ಪಟ್ಟಿಯನ್ನು ಪೆನ್‌ಡ್ರೈವಿಗೆ ತುಂಬಿಕೊಂಡವನೂ ಅಲ್ಲ. ಅದು ಬೇಲಿಯೇ ಎದ್ದು ಹೊಲ ಮೇಯ್ದ ಬಗೆ. ಇಡೀ ಸಂಬಳದ ಪಟ್ಟಿಯನ್ನು ತಪ್ಪು ವಿಳಾಸಕ್ಕೆ ಇಮೇಲ್ ಮಾಡಿದ ಗುಮಾಸ್ತನಂತೂ ಕಳ್ಳನೇ ಅಲ್ಲ. ಈ ಒಬ್ಬೊಬ್ಬರ ಮುಂದೆಯೂ ಬೇರೆ ಬೀಗ ಬೇಕು. ಒಬ್ಬನನ್ನು ತಡೆದು ನಿಲ್ಲಿಸುವ ಬೀಗ ಇನ್ನೊಬ್ಬನ ಪಾಲಿಗೆ ಇದ್ದೂ ಇಲ್ಲದಂತೆ.

ಹಾಗಾಗಿ ಇಲ್ಲಿ ಎಲ್ಲ ಆಯ್ಕೆಗಳನ್ನೂ ಒಂದೇ ಅಳತೆಗೋಲಿನಿಂದ ಅಳೆಯುತ್ತೇನೆ. ಎಲ್ಲ ಕೈತಪ್ಪಿ ಹೋದ ದಿನ, ಒಯ್ದವನ ಕೈಯಲ್ಲಿ ಏನಿರುತ್ತದೆ? ಹೆಸರು, ಫೋನ್ ನಂಬರ್, ರೋಗದ ವಿವರ ಎಲ್ಲ ಓದುವಂತೆ ಇರುತ್ತದೆಯೋ, ಅರ್ಥವಾಗದ ಅಕ್ಷರಗಳ ರಾಶಿಯೋ, ಅಥವಾ ಏನೂ ಇಲ್ಲವೋ?

ಇಟ್ಟುಕೊಳ್ಳುವುದೋ, ಬಿಡುವುದೋ

ಮೊದಲ ಆಯ್ಕೆಯನ್ನು ಯಾರೂ ಮಾರುವುದಿಲ್ಲ. ಅದಕ್ಕೇ ಅದರ ಜಾಹೀರಾತು ಎಲ್ಲೂ ಕಾಣುವುದಿಲ್ಲ. ಅದು, ಮಾಹಿತಿಯನ್ನು ಪಡೆಯದೇ ಇರುವುದು. ನಿಮ್ಮ ಬಳಿ ಇಲ್ಲದ್ದನ್ನು ಯಾರೂ ಕದಿಯಲಾರರು.

ನಿಮ್ಮ ಸಂಸ್ಥೆಯ ಅರ್ಜಿ ನಮೂನೆಯನ್ನು ಒಮ್ಮೆ ಎದುರಿಗಿಟ್ಟುಕೊಂಡು ಓದಿ. ಹುಟ್ಟಿದ ದಿನಾಂಕ ಏಕೆ ಇದೆ? ವಯಸ್ಸು 18 ತುಂಬಿದೆಯೇ ಎಂಬುದಷ್ಟೇ ಬೇಕಿದ್ದರೆ ಒಂದು ‘ಹೌದು’ ಸಾಕು. ಗುರುತಿನ ಚೀಟಿಯ ನಕಲು ಏಕೆ? ಕಣ್ಣಾರೆ ನೋಡಿ, "ಪರಿಶೀಲಿಸಿದೆ" ಎಂದು ದಿನಾಂಕ ಹಾಕಿ, ಚೀಟಿಯನ್ನು ವಾಪಸ್ ಕೊಟ್ಟರೆ ಆಗುವುದಿಲ್ಲವೇ? ಕಾನೂನು ನಕಲು ಇಡಲೇಬೇಕು ಎಂದಿದ್ದರೆ ಬೇರೆ ಮಾತು. ಆದರೆ ಬಹಳಷ್ಟು ಕಡೆ ಆ ನಕಲುಗಳು ಕಾನೂನಿಗಾಗಿ ಇರುವುದಿಲ್ಲ. "ಇರಲಿ ಬಿಡಿ, ಮುಂದೆ ಯಾವತ್ತಾದರೂ ಬೇಕಾಗಬಹುದು" ಎಂಬ ಒಂದು ಮಾತಿಗಾಗಿ ಇರುತ್ತವೆ. ಡೇಟಾ ಸೋರಿಕೆಯ ಕಥೆಗಳಲ್ಲಿ ಇಷ್ಟು ದುಬಾರಿಯಾದ ಮಾತು ಇನ್ನೊಂದಿಲ್ಲ.

ಬ್ರಿಟನ್ನಿನ ತೆರಿಗೆ ಇಲಾಖೆಯ ಪ್ರಕರಣವನ್ನೇ ನೋಡಿ. 2007ರಲ್ಲಿ ಮಕ್ಕಳ ಭತ್ಯೆ ಪಡೆಯುವ ಕುಟುಂಬಗಳ ಮಾಹಿತಿಯಿದ್ದ ಎರಡು ಸಿ.ಡಿ.ಗಳು ಅಂಚೆಯಲ್ಲಿ ಕಳೆದುಹೋದವು. ಅವುಗಳಲ್ಲಿದ್ದದ್ದು ಸುಮಾರು 2.5 ಕೋಟಿ ಜನರ ಹೆಸರು, ವಿಳಾಸ, ಹುಟ್ಟಿದ ದಿನಾಂಕ, ಬ್ಯಾಂಕ್ ಖಾತೆ. ಸಿ.ಡಿ.ಗೆ ಪಾಸ್‌ವರ್ಡ್ ಇತ್ತು, ಕೀಲಿ ಇಲ್ಲದವರಿಗೆ ಓದಲು ಬಾರದಂತೆ ಮಾಡುವ ಎನ್‌ಕ್ರಿಪ್ಷನ್ ಇರಲಿಲ್ಲ. ಸಂಕಟದ ಸಂಗತಿ ಬೇರೆಯೇ ಇದೆ. ಮಾಹಿತಿ ಕೇಳಿದ್ದ ಲೆಕ್ಕ ತಪಾಸಣಾ ಸಂಸ್ಥೆಗೆ ಬ್ಯಾಂಕ್ ವಿವರಗಳು ಬೇಕಾಗಿಯೇ ಇರಲಿಲ್ಲ. ಅವನ್ನು ತೆಗೆದು ಕಳುಹಿಸಿ ಎಂದೇ ಅದು ಕೇಳಿತ್ತು. ತೆಗೆಯಲು ಹೆಚ್ಚುವರಿ ಖರ್ಚಾಗುತ್ತದೆ ಎಂದು ಇಲಾಖೆ ಎಲ್ಲವನ್ನೂ ಹಾಗೆಯೇ ಕಳುಹಿಸಿತು. ಇಲಾಖೆಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಸಿ.ಡಿ.ಗಳು ಸಿಗಲಿಲ್ಲ.

ಬಿಡಲು ಆಗದ ಮಾಹಿತಿ ಇದ್ದೇ ಇರುತ್ತದೆ: ಸಂಬಳ, ತೆರಿಗೆ, ಚಿಕಿತ್ಸೆಯ ದಾಖಲೆ. ಅಲ್ಲಿ ನಾನು ಹಾಕುವ ಗೆರೆ, ಸೋರಿದ ಮೇಲೆ ಬದಲಾಯಿಸಬಹುದಾದದ್ದು ಯಾವುದು, ಬದಲಾಯಿಸಲಾಗದ್ದು ಯಾವುದು ಎಂಬುದು. ಕಾರ್ಡ್ ನಂಬರ್ ಸೋರಿದರೆ ಬ್ಯಾಂಕು ಹೊಸ ಕಾರ್ಡ್ ಕೊಡುತ್ತದೆ. ಪಾಸ್‌ವರ್ಡನ್ನು ಅರ್ಧ ನಿಮಿಷದಲ್ಲಿ ಬದಲಾಯಿಸಬಹುದು. ಬೆರಳಚ್ಚು? 2015ರಲ್ಲಿ ಅಮೆರಿಕ ಸರ್ಕಾರದ ಸಿಬ್ಬಂದಿ ಕಚೇರಿಯ ಮಾಹಿತಿ ಕಳುವಾದಾಗ ಅದರಲ್ಲಿ 56 ಲಕ್ಷ ಜನರ ಬೆರಳಚ್ಚುಗಳೂ ಇದ್ದವು. ಅವರಿಗೆ ಹೊಸ ಬೆರಳು ಕೊಡುವವರು ಯಾರು?

ಹಾಜರಾತಿಗೆ ಬೆರಳಚ್ಚಿನ ಯಂತ್ರವೋ, ಕಾರ್ಡೋ ಎಂದು ಯೋಚಿಸುತ್ತಿರುವವರು ಈ ಗೆರೆಯನ್ನು ನೆನಪಿಡಿ. ಬೆರಳಚ್ಚಿನ ಯಂತ್ರದಿಂದ ಒಬ್ಬನ ಬದಲು ಇನ್ನೊಬ್ಬ ಹಾಜರಿ ಹಾಕುವ ಚಾಳಿ ತಪ್ಪುತ್ತದೆ, ನಿಜ. ಅಷ್ಟು ಸಣ್ಣ ಲಾಭಕ್ಕೆ, ಬದುಕಿಡೀ ಬದಲಾಗದ ಗುರುತನ್ನು ಮೂಲೆಯಲ್ಲಿ ನೇತಾಡುವ ಪೆಟ್ಟಿಗೆಯೊಂದಕ್ಕೆ ಒಪ್ಪಿಸುತ್ತಿದ್ದೀರಿ. ನನ್ನ ಮತ ಕಾರ್ಡಿಗೆ. ಬೆರಳಚ್ಚೇ ಬೇಕೆಂದರೆ, ಅಚ್ಚಿನ ನಮೂನೆ ನೌಕರನ ಕಾರ್ಡಿನಲ್ಲೇ ಉಳಿದು, ಹೋಲಿಕೆ ಅಲ್ಲೇ ನಡೆಯುವ ಬಗೆಯ ಯಂತ್ರಗಳಿವೆ. ಅವನ್ನು ಕೇಳಿ ಪಡೆಯಿರಿ.

ಬದಲಾಯಿಸಲಾಗದ ಮಾಹಿತಿ ಸೋರಿದರೆ ವ್ಯಾಪಾರದ ಗತಿ ಏನಾಗುತ್ತದೆ ಎಂಬುದಕ್ಕೆ ಫಿನ್ಲೆಂಡಿನ ವಸ್ತಾಮೋ ಸಾಕ್ಷಿ. ಅದು ಮನೋಚಿಕಿತ್ಸಾ ಕೇಂದ್ರಗಳನ್ನು ನಡೆಸುತ್ತಿದ್ದ ಖಾಸಗಿ ಕಂಪನಿ. ಅದರ ಡೇಟಾಬೇಸ್ ತಕ್ಕ ರಕ್ಷಣೆಯಿಲ್ಲದೆ ಇಂಟರ್ನೆಟ್ಟಿಗೆ ತೆರೆದುಕೊಂಡಿತ್ತು. ಕದ್ದವನು 2020ರಲ್ಲಿ ಮೊದಲು ಕಂಪನಿಯಿಂದ ಹಣ ಕೇಳಿದ. ಅದು ಕೈಗೂಡದೆ ಹೋದಾಗ ರೋಗಿಗಳಿಗೇ ನೇರವಾಗಿ ಇಮೇಲ್ ಬರೆದ: ಹಣ ಕೊಡಿ, ಇಲ್ಲದಿದ್ದರೆ ನೀವು ಚಿಕಿತ್ಸಕರ ಮುಂದೆ ಹೇಳಿಕೊಂಡದ್ದೆಲ್ಲ ಬಯಲಾಗುತ್ತದೆ. ಬಾಧೆಗೆ ಒಳಗಾದವರು ಸುಮಾರು 33 ಸಾವಿರ ಮಂದಿ. 2021ರ ಫೆಬ್ರವರಿಯಲ್ಲಿ ಕಂಪನಿ ದಿವಾಳಿಯಾಯಿತು. ಚಿಕಿತ್ಸಾ ಟಿಪ್ಪಣಿಯನ್ನು ಇಟ್ಟುಕೊಳ್ಳದೇ ಚಿಕಿತ್ಸೆ ಕೊಡಲಾಗದು, ಒಪ್ಪೋಣ. ಆದರೆ ಆ ಟಿಪ್ಪಣಿಯೂ, ರೋಗಿಯ ಹೆಸರು, ಇಮೇಲ್, ಗುರುತಿನ ಸಂಖ್ಯೆಯೂ ಓದಲು ಬರುವಂತೆ ಒಂದೇ ಕಡೆ ಇರಬೇಕಿರಲಿಲ್ಲ. ಬೇರೆ ಬೇರೆ ಇಟ್ಟು, ಎರಡನ್ನೂ ಬೆಸೆಯುವ ಸಂಕೇತವನ್ನು ಮೂರನೆಯ ಕಡೆ ಇಟ್ಟಿದ್ದರೆ ಕಳ್ಳನಿಗೆ ಯಾರಿಗೆ ಬೆದರಿಕೆ ಪತ್ರ ಬರೆಯಬೇಕು ಎಂಬುದು ಸುಲಭವಾಗಿ ತಿಳಿಯುತ್ತಿರಲಿಲ್ಲ.

ಎನ್‌ಕ್ರಿಪ್ಷನ್, ಹ್ಯಾಶ್, ಟೋಕನ್, ಮರೆಮಾಚುವಿಕೆ

ಮಾರಾಟಗಾರರ ಬಾಯಲ್ಲಿ ಈ ನಾಲ್ಕೂ ಒಂದೇ ಅರ್ಥದಲ್ಲಿ ಓಡಾಡುತ್ತವೆ. ನಾಲ್ಕೂ ಬೇರೆ ಬೇರೆ ಸಾಮಾನು, ಅವುಗಳ ಕೆಲಸವೂ ಬೇರೆ ಬೇರೆ.

ಎನ್‌ಕ್ರಿಪ್ಷನ್ ಎಂದರೆ ಕೀಲಿ ಹಾಕಿ ಮುಚ್ಚುವುದು; ಕೀಲಿ ಇದ್ದವರು ತೆರೆಯಬಹುದು. ಕರಪತ್ರಗಳಲ್ಲಿ "ಸೇನಾ ದರ್ಜೆಯ 256 ಬಿಟ್" ಎಂದು ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಅದನ್ನು ನೋಡಿ ಮರುಳಾಗಬೇಡಿ. ಬೆಲ್ಜಿಯಮ್ಮಿನ ಯೋನ್ ಡಾಮೆನ್ ಮತ್ತು ವಿನ್ಸೆಂಟ್ ರೈಮನ್ ರೂಪಿಸಿದ ಎ.ಇ.ಎಸ್. ವಿಧಾನವನ್ನು ಅಮೆರಿಕದ ಮಾನಕ ಸಂಸ್ಥೆ 2001ರಲ್ಲಿ ಅಂಗೀಕರಿಸಿದಂದಿನಿಂದ ಎಲ್ಲರೂ ಬಳಸುತ್ತಿರುವುದು ಹೆಚ್ಚು ಕಡಿಮೆ ಅದನ್ನೇ. ನಿಮ್ಮ ಫೋನಿನಲ್ಲೂ ಅದೇ ಇದೆ. 128 ಬಿಟ್ ಇರಲಿ, 256 ಇರಲಿ, ಆ ಬೀಗವನ್ನು ಒಡೆಯುವ ಗೋಜಿಗೆ ಯಾವ ಕಳ್ಳನೂ ಹೋಗುವುದಿಲ್ಲ. ಅವನು ಹುಡುಕುವುದು ಕೀಲಿಯನ್ನು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೀಗ ಎಷ್ಟು ದಪ್ಪ ಎಂದಲ್ಲ, ಕೀಲಿ ಎಲ್ಲಿದೆ ಎಂದು.

ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಮಾಡುವುದು ಅಗ್ಗದ ದಾರಿ. ವಿಂಡೋಸ್‌ನ ಬಿಟ್‌ಲಾಕರ್, ಮ್ಯಾಕ್‌ನ ಫೈಲ್‌ವಾಲ್ಟ್ ಮುಂತಾದವು ಯಂತ್ರದೊಂದಿಗೇ ಬರುತ್ತವೆ, ವಿಂಡೋಸ್‌ನ ಕೆಲವು ಆವೃತ್ತಿಗಳನ್ನು ಬಿಟ್ಟು. ಬಸ್ಸಿನಲ್ಲಿ ಉಳಿದ ಲ್ಯಾಪ್‌ಟಾಪ್ ನೆನಪಿದೆಯಲ್ಲ? ಅದಕ್ಕೆ ಇದೇ ಮದ್ದು. ಆಫ್ ಆಗಿರುವ ಯಂತ್ರವನ್ನು ಒಯ್ದವನಿಗೆ ಸಿಗುವುದು ಕಬ್ಬಿಣ ಮಾತ್ರ. ಆದರೆ ಹಗಲಿರುಳು ಓಡುತ್ತಿರುವ ಸರ್ವರಿನ ವಿಷಯ ಬೇರೆ. ಡಿಸ್ಕು ಆಗಲೇ ತೆರೆದುಕೊಂಡಿರುತ್ತದೆ. ಒಳಗೆ ಲಾಗಿನ್ ಆದವನು ಮಾಲೀಕನೋ ಕಳ್ಳನೋ ಎಂಬ ಭೇದ ಅದಕ್ಕಿಲ್ಲ. "ನಮ್ಮ ಡೇಟಾ ಎಲ್ಲ ಎನ್‌ಕ್ರಿಪ್ಟ್ ಆಗಿಯೇ ಇದೆ" ಎಂದು ಯಾರಾದರೂ ಎದೆ ತಟ್ಟಿ ಹೇಳಿದರೆ, ಹೆಚ್ಚಿನಂಶ ಅವರು ಹೇಳುತ್ತಿರುವುದು ಇದನ್ನೇ.

ಇದರ ಮಿತಿ ದೊಡ್ಡದಾಗಿ ಬಯಲಾದದ್ದು 2019ರಲ್ಲಿ, ಕ್ಯಾಪಿಟಲ್ ಒನ್ ಬ್ಯಾಂಕಿನಲ್ಲಿ. ಅಮೆರಿಕದ ಸುಮಾರು 10 ಕೋಟಿ, ಕೆನಡಾದ ಸುಮಾರು 60 ಲಕ್ಷ ಜನರ ಮಾಹಿತಿ ಹೊರಗೆ ಹೋಯಿತು. ಬ್ಯಾಂಕಿನ ಡೇಟಾ ಎನ್‌ಕ್ರಿಪ್ಟ್ ಆಗಿತ್ತು. ಆದರೆ ಒಳನುಗ್ಗಿದವರಿಗೆ ಸಿಕ್ಕ ಪ್ರವೇಶದ ಜೊತೆಗೇ ಅದನ್ನು ಬಿಡಿಸುವ ಅಧಿಕಾರವೂ ಸಿಕ್ಕಿತು, ಮನೆಗೆ ನುಗ್ಗಿದವನಿಗೆ ಬೀರುವಿನ ಕೀಲಿ ಬೀರುವಿನಲ್ಲೇ ನೇತಾಡುತ್ತಾ ಸಿಕ್ಕ ಹಾಗೆ. ನನ್ನ ಕಣ್ಣು ನೆಟ್ಟಿದ್ದು ಬ್ಯಾಂಕಿನ ಹೇಳಿಕೆಯ ಮುಂದಿನ ಸಾಲಿನಲ್ಲಿ: ಟೋಕನ್ ಆಗಿ ಬದಲಾಯಿಸಿಟ್ಟಿದ್ದ ಸಂಖ್ಯೆಗಳು ಉಳಿದುಕೊಂಡವು. ಅಮೆರಿಕದ ಸಾಮಾಜಿಕ ಭದ್ರತಾ ಸಂಖ್ಯೆಗಳಲ್ಲಿ ಸೋರಿದ್ದು ಸುಮಾರು 1.4 ಲಕ್ಷ, ಕಾರ್ಡಿಗೆ ಜೋಡಿಸಿದ್ದ ಬ್ಯಾಂಕ್ ಖಾತೆ ಸಂಖ್ಯೆಗಳಲ್ಲಿ ಸುಮಾರು 80 ಸಾವಿರ. 10 ಕೋಟಿಯ ಮುಂದೆ ಇವು ಎಷ್ಟರ ಲೆಕ್ಕ? ಒಂದೇ ಕಳುವು, ಒಂದೇ ಸಂಸ್ಥೆ, ಎರಡು ಬಗೆಯ ರಕ್ಷಣೆ. ಹೋಲಿಕೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಹಾಗಾದರೆ ಟೋಕನ್ ಎಂದರೇನು? ಚಪ್ಪಲಿ ಬಿಡುವಲ್ಲಿ ಕೊಡುವ ಬಿಲ್ಲೆಯೇ. ಬಿಲ್ಲೆಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಚಪ್ಪಲಿ ಯಾವ ಬಣ್ಣದ್ದು ಎಂದು ತಿಳಿಯದು. ನಿಮ್ಮ ಡೇಟಾಬೇಸಿನಲ್ಲಿ ಬಿಲ್ಲೆಯ ಸಂಖ್ಯೆ ಮಾತ್ರ ಇರುತ್ತದೆ. ನಿಜವಾದ ಕಾರ್ಡ್ ನಂಬರ್ ಬೇರೆ ಕಡೆ, ಬೇರೆ ಕಾವಲಿನಲ್ಲಿ. ಕಾರ್ಡಿನ ಮೂಲಕ ಹಣ ಪಡೆಯುವ ಸಣ್ಣ ವ್ಯಾಪಾರಕ್ಕೆ ನಾನು ಬೇರೆ ಯೋಚನೆಯನ್ನೇ ಹೇಳುವುದಿಲ್ಲ. ಕಾರ್ಡ್ ವಿವರವನ್ನು ಪಾವತಿ ಕಂಪನಿಯ ಪುಟದಲ್ಲೇ ತುಂಬಿಸಿ, ಅವರು ಕೊಡುವ ಟೋಕನ್ ಮಾತ್ರ ಇಟ್ಟುಕೊಳ್ಳಿ. ಕಾರ್ಡ್ ಉದ್ಯಮದ ಪಿ.ಸಿ.ಐ. ಮಾನಕದ ಪ್ರಕಾರ, ಕಾರ್ಡಿನ ಹಿಂದಿರುವ ಸಿ.ವಿ.ವಿ. ಸಂಖ್ಯೆಯನ್ನು ಪಾವತಿ ಒಪ್ಪಿಗೆಯಾದ ಮೇಲೆ ವ್ಯಾಪಾರಿ ಇಟ್ಟುಕೊಳ್ಳುವಂತೆಯೇ ಇಲ್ಲ, ಎನ್‌ಕ್ರಿಪ್ಟ್ ಮಾಡಿಯೂ ಇಲ್ಲ. ಟೋಕನ್ನಿನ ಕುಂದು ಎಂದರೆ, ಬಿಲ್ಲೆ ಕೊಟ್ಟವನ ಮೇಲೆ ನೀವು ಅವಲಂಬಿತರು. ನಾಳೆ ಪಾವತಿ ಕಂಪನಿ ಬದಲಾಯಿಸುವುದಾದರೆ ಟೋಕನ್‌ಗಳನ್ನು ವರ್ಗಾಯಿಸಿ ಕೊಡುತ್ತಾರೆಯೇ ಎಂದು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಕೇಳಿಕೊಳ್ಳಿ.

ಡಿಸ್ಕ್ ಎನ್‌ಕ್ರಿಪ್ಷನ್, ಟೋಕನ್ ಇವೆರಡರ ನಡುವೆ ಇನ್ನೊಂದು ದಾರಿ ಇದೆ: ಡೇಟಾಬೇಸಿನ ಸೂಕ್ಷ್ಮ ಅಂಕಣಗಳನ್ನಷ್ಟೇ ಬೇರೆಯಾಗಿ ಎನ್‌ಕ್ರಿಪ್ಟ್ ಮಾಡಿ, ಕೀಲಿಯನ್ನು ಬೇರೆ ಯಂತ್ರದಲ್ಲೋ ಕೀಲಿ ನಿರ್ವಹಿಸುವ ಸೇವೆಯಲ್ಲೋ ಇಡುವುದು. ಡೇಟಾಬೇಸಿನ ಪ್ರತಿ ಕದ್ದವನಿಗೆ ಆ ಅಂಕಣ ಉಪಯೋಗಕ್ಕೆ ಬಾರದು. ಬೆಲೆಯೂ ಇದೆ: ಆ ಅಂಕಣದಲ್ಲಿ ಹುಡುಕುವುದು, ವಿಂಗಡಿಸುವುದು ಕಷ್ಟ. ಕಾಯಿಲೆಯ ವಿವರ, ಖಾತೆ ಸಂಖ್ಯೆ ಇಂಥವಕ್ಕೆ ಈ ತಲೆನೋವು ತಕ್ಕದ್ದೇ. ಗ್ರಾಹಕರ ಹೆಸರಿಗೂ ಇದನ್ನೇ ಮಾಡಹೊರಟರೆ ನಿಮ್ಮ ಸಿಬ್ಬಂದಿಯೇ ನಾಲ್ಕು ದಿನಕ್ಕೆ ಬೇಸತ್ತು, ಎಲ್ಲವನ್ನೂ ಎಕ್ಸೆಲ್ ಹಾಳೆಗೆ ನಕಲಿಸಿಕೊಂಡು ಕೂರುತ್ತಾರೆ.

ಹ್ಯಾಶ್ ಎಂದರೆ ಬೀಸುಕಲ್ಲು. ಕಾಳು ಹಾಕಿದರೆ ಹಿಟ್ಟು ಬರುತ್ತದೆ, ಹಿಟ್ಟಿನಿಂದ ಕಾಳು ಬರುವುದಿಲ್ಲ. ಪಾಸ್‌ವರ್ಡ್ ಇಡುವುದಕ್ಕೆ ಇದೇ ಸರಿಯಾದ ದಾರಿ, ಎನ್‌ಕ್ರಿಪ್ಷನ್ ಅಲ್ಲ. 2013ರಲ್ಲಿ ಅಡೋಬಿ ಕಂಪನಿಯ ಪಾಸ್‌ವರ್ಡ್‌ಗಳು ಸೋರಿದಾಗ ಅವು ಹ್ಯಾಶ್ ಆಗಿರಲಿಲ್ಲ, ಎಲ್ಲಕ್ಕೂ ಒಂದೇ ಕೀಲಿ ಬಳಸಿ ಎನ್‌ಕ್ರಿಪ್ಟ್ ಆಗಿದ್ದವು. ಒಂದೇ ಪಾಸ್‌ವರ್ಡ್ ಇಟ್ಟುಕೊಂಡವರೆಲ್ಲರ ಸಾಲಿನಲ್ಲೂ ಒಂದೇ ಅಕ್ಷರಮಾಲೆ ಕಾಣುತ್ತಿತ್ತು, ಪಕ್ಕದಲ್ಲಿ ಬಳಕೆದಾರರು ಬರೆದುಕೊಂಡ ಸುಳಿವುಗಳು ಹಾಗೆಯೇ ತೆರೆದಿದ್ದವು. ಕೀಲಿಯೇ ಬೇಡವಾಯಿತು, ಪದಬಂಧ ಬಿಡಿಸಿದಂತೆ ಬಿಡಿಸಿದರು. ಹ್ಯಾಶ್ ಮಾಡಿದರೂ ಅವಸರದ ಹ್ಯಾಶ್ ಸಾಲದು ಎನ್ನುವುದಕ್ಕೆ 2012ರ ಲಿಂಕ್ಡ್‌ಇನ್ ಸೋರಿಕೆ ಇದೆ. ಅಲ್ಲಿ ಪ್ರತಿ ಪಾಸ್‌ವರ್ಡಿಗೂ ಬೇರೆ ಬೇರೆ ಬೆರಕೆ ಸೇರಿಸುವ ‘ಸಾಲ್ಟ್’ ಇರಲಿಲ್ಲ, ಬಳಸಿದ ವಿಧಾನವೂ ತೀರ ವೇಗದ್ದು. ಇಂದು ಕೇಳಬೇಕಾದ ಹೆಸರುಗಳು ಬಿಕ್ರಿಪ್ಟ್ ಅಥವಾ ಆರ್ಗಾನ್2. ಇವು ಬೇಕೆಂದೇ ನಿಧಾನ. ಲಾಗಿನ್ ಆಗುವವನಿಗೆ ಅರೆಕ್ಷಣ ತಡವಾದರೆ ತಿಳಿಯದು, ಕೋಟಿಗಟ್ಟಲೆ ಊಹೆ ಮಾಡಿ ನೋಡುವ ಕಳ್ಳನಿಗೆ ಅದೇ ಅರೆಕ್ಷಣ ವರ್ಷಗಳಾಗುತ್ತದೆ.

ಇಲ್ಲಿ ಒಂದು ಬಲೆ ಇದೆ, ಜಾಣರೂ ಬೀಳುತ್ತಾರೆ. "ಫೋನ್ ನಂಬರುಗಳನ್ನು ಹ್ಯಾಶ್ ಮಾಡಿಬಿಟ್ಟಿದ್ದೇವೆ, ಇನ್ನು ಅವು ಯಾರವೆಂದು ತಿಳಿಯದು" ಎನ್ನುತ್ತಾರೆ. ತಿಳಿಯುತ್ತದೆ. ಹತ್ತು ಅಂಕಿಯ ಸಂಖ್ಯೆಗಳು ಒಟ್ಟು ಎಷ್ಟಿರಲು ಸಾಧ್ಯ? 1000 ಕೋಟಿ. ಅಷ್ಟನ್ನೂ ಬೀಸಿ, ಯಾವ ಹಿಟ್ಟು ಯಾವ ಕಾಳಿನದ್ದು ಎಂದು ಪಟ್ಟಿ ಮಾಡಲು, ವೇಗದ ಹ್ಯಾಶ್ ಆದರೆ, ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೆ ಕೆಲವೇ ನಿಮಿಷ ಸಾಕು. 2014ರಲ್ಲಿ ನ್ಯೂಯಾರ್ಕಿನ ಟ್ಯಾಕ್ಸಿಗಳ ಸುಮಾರು 17 ಕೋಟಿ ಪ್ರಯಾಣಗಳ ದಾಖಲೆ ಹೊರಬಿದ್ದಾಗ ಆದದ್ದು ಇದೇ. ಟ್ಯಾಕ್ಸಿ ಮತ್ತು ಚಾಲಕರ ಪರವಾನಗಿ ಸಂಖ್ಯೆಗಳನ್ನು ಎಂ.ಡಿ.5 ಎಂಬ ಹ್ಯಾಶ್‌ನಲ್ಲಿ ಬೀಸಿ ಕೊಟ್ಟಿದ್ದರು. ಸಂಖ್ಯೆಗಳ ವಿನ್ಯಾಸ ಗೊತ್ತಿದ್ದ ತಂತ್ರಜ್ಞರೊಬ್ಬರು ಕೆಲವೇ ಗಂಟೆಗಳಲ್ಲಿ ಎಲ್ಲವನ್ನೂ ಹಿಂದಕ್ಕೆ ತಿರುಗಿಸಿದರು.

ಮರೆಮಾಚುವಿಕೆಯ ಬಗ್ಗೆ ಹೇಳುವುದು ಸ್ವಲ್ಪವೇ. ಪರದೆಯ ಮೇಲೆ ಕೊನೆಯ ನಾಲ್ಕು ಅಂಕಿ ಮಾತ್ರ ತೋರಿಸುವುದು ಅದು. ಹೊರಗಿನ ಕಳ್ಳನಿಗೆ ಇದರಿಂದ ಏನೂ ಆಗದು, ಏಕೆಂದರೆ ಒಳಗೆ ಪೂರ್ತಿ ಸಂಖ್ಯೆ ಇದ್ದೇ ಇದೆ. ಆದರೆ ಕರೆ ಸ್ವೀಕರಿಸುವ ಸಿಬ್ಬಂದಿಗೆ ಗ್ರಾಹಕನ ಗುರುತು ಹಿಡಿಯಲು ನಾಲ್ಕು ಅಂಕಿ ಸಾಕಲ್ಲವೇ? ಕಡಿಮೆ ಖರ್ಚಿನಲ್ಲಿ ಒಳಗಿನವರ ಆಸೆಯನ್ನು ತಡೆಯುವ ಉಪಾಯ ಇದು.

ಎಲ್ಲಿಡುವುದು?

ಸ್ವಂತ ಸರ್ವರೋ, ಇಂಟರ್ನೆಟ್ಟಿನ ಮೂಲಕ ಬಾಡಿಗೆಗೆ ಸಿಗುವ ಬೇರೆಯವರ ಸರ್ವರ್, ಅಂದರೆ ಕ್ಲೌಡೋ ಎಂಬ ಜಗಳ ಹಳೆಯದು. ಆದರೆ ನಾನು ಕಂಡ ಸಣ್ಣ ಸಂಸ್ಥೆಗಳಲ್ಲಿ ಸೂಕ್ಷ್ಮ ಮಾಹಿತಿ ಇದ್ದದ್ದು ಈ ಎರಡೂ ಕಡೆ ಅಲ್ಲ. ‘ಫೈನಲ್’, ‘ಫೈನಲ್ 2’, ‘ಹೊಸ ಫೈನಲ್’ ಎಂಬ ಹೆಸರಿನ ಎಕ್ಸೆಲ್ ಕಡತಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಎಂದೋ ಕೆಲಸ ಬಿಟ್ಟವರ ಇಮೇಲ್ ಪೆಟ್ಟಿಗೆಗಳಲ್ಲಿ. ಇವುಗಳ ಲೆಕ್ಕ ಹಿಡಿಯದೆ ಕ್ಲೌಡ್ ಹೋಲಿಸಲು ಕೂತರೆ ಒಡೆದ ಕೊಡವನ್ನು ಬಿಟ್ಟು ಮುಚ್ಚಳ ಆರಿಸಿದ ಹಾಗೆ. ಒಂದು ವಾರ ಹಿಡಿದರೂ ಪರವಾಗಿಲ್ಲ, ಯಾವ ಮಾಹಿತಿ ಎಲ್ಲೆಲ್ಲಿ ಇದೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ.

ಬರೆದಾಯಿತು ಎಂದುಕೊಳ್ಳೋಣ. ಸ್ವಂತ ಸರ್ವರಿನ ಸುಖವೆಂದರೆ, ಅದು ಎಲ್ಲಿದೆ ಎಂದು ನಿಮಗೆ ಗೊತ್ತು. ಕಷ್ಟವೆಂದರೆ, ಅದರ ಪ್ರತಿ ತೂತನ್ನೂ ನೀವೇ ಮುಚ್ಚಬೇಕು, ಮುಚ್ಚಿದ ಮರುದಿನ ಬರುವ ಹೊಸ ತೂತನ್ನೂ. ಇದಕ್ಕಾಗಿಯೇ ಸಂಬಳ ಪಡೆಯುವ ಒಬ್ಬ ಮನುಷ್ಯ ನಿಮ್ಮಲ್ಲಿ ಇಲ್ಲದಿದ್ದರೆ ಸ್ವಂತ ಸರ್ವರ್ ಬೇಡ. ಕ್ಲೌಡಿನಲ್ಲಿ ಕಟ್ಟಡದ ಕಾವಲು, ಯಂತ್ರಗಳ ದುರಸ್ತಿ ಅವರದ್ದು. ಯಾವ ಬಾಗಿಲು ತೆರೆದಿಡಬೇಕು, ಯಾರಿಗೆ ಕೀಲಿ ಕೊಡಬೇಕು ಎಂಬುದು ನಿಮ್ಮದು. ಈ ಹಂಚಿಕೆ ತಿಳಿಯದೆ ಏಮಾರಿದವರೇ ಹೆಚ್ಚು. ಕ್ಯಾಪಿಟಲ್ ಒನ್ ಪ್ರಕರಣದಲ್ಲೂ ಲೋಪ ಇದ್ದದ್ದು ಬ್ಯಾಂಕು ತನ್ನ ಭಾಗದ ಫೈರ್‌ವಾಲನ್ನು, ಅಂದರೆ ಹೊರಗಿನಿಂದ ಬರುವ ಕೋರಿಕೆಗಳನ್ನು ಸೋಸುವ ಕಾವಲನ್ನು, ಹೊಂದಿಸಿಕೊಂಡ ರೀತಿಯಲ್ಲಿ.

ಕಾಗದವನ್ನು ಹಳೆಗಾಲದ್ದೆಂದು ತಳ್ಳಿಹಾಕಬೇಡಿ. ಬೀಗ ಹಾಕಿದ ಬೀರುವಿನಲ್ಲಿರುವ ಕಡತವನ್ನು ಬೇರೆ ಖಂಡದಲ್ಲಿ ಕೂತವನು ಕದಿಯಲಾರ. ಕೆಲವೇ ಹತ್ತು ಜನರ ವೈದ್ಯಕೀಯ ಪತ್ರಗಳಿದ್ದರೆ ಸ್ಕ್ಯಾನ್ ಮಾಡಿ ಎಲ್ಲೆಲ್ಲೋ ಹರಡುವುದಕ್ಕಿಂತ ಬೀರುವೇ ಮೇಲು. ಬೆಂಕಿ ಬಿದ್ದರೆ ಹೋಯಿತು ಎನ್ನುವುದು ನಿಜ.

ಆದರೆ ಬೆಂಕಿ ಕ್ಲೌಡಿಗೂ ಬೀಳುತ್ತದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓ.ವಿ.ಎಚ್. ಕಂಪನಿಯ ಡೇಟಾ ಕೇಂದ್ರದ ಒಂದು ಕಟ್ಟಡ ಸುಟ್ಟು ಬೂದಿಯಾಯಿತು. ಬ್ಯಾಕಪ್ ಕೂಡ ಅಲ್ಲೇ ಇದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ ಎಂಬ ಹಳೆಯ ಸೂತ್ರ ಸಾಕು. ಅದರಲ್ಲಿ ಒಂದು ಪ್ರತಿ ಯಾವ ಜಾಲಕ್ಕೂ ಜೋಡಿಸದೆ ಇರಲಿ, ಇಲ್ಲವಾದರೆ ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಬ್ಯಾಕಪ್ಪಿಗೂ ಬೀಗ ಜಡಿಯುತ್ತದೆ. ಬ್ಯಾಕಪ್ಪನ್ನೂ ಎನ್‌ಕ್ರಿಪ್ಟ್ ಮಾಡಿ. ಕೀಲಿಯನ್ನು ಮಾತ್ರ ಅದರ ಜೊತೆ ಇಡಬೇಡಿ. ಒಂದು ಕಚೇರಿಯಲ್ಲಿ ಬ್ಯಾಕಪ್ ಡಿಸ್ಕಿನ ಪಾಸ್‌ವರ್ಡನ್ನು ಅದೇ ಡಿಸ್ಕಿನ ಬೆನ್ನಿಗೆ ಚೀಟಿ ಅಂಟಿಸಿ ಬರೆದಿದ್ದರು, ಅಕ್ಷರ ಮಾತ್ರ ಬಹಳ ಮುದ್ದಾಗಿತ್ತು.

ಒಳಗೆ ಬರುವವರನ್ನು ಹೇಗೆ ಗುರುತಿಸುವುದು?

ಪಾಸ್‌ವರ್ಡ್ ಒಂದೇ ಸಾಲದು. ಇಲ್ಲಿ ಆಯ್ಕೆ ಮೂರು: ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿ, ಫೋನಿನ ಆ್ಯಪ್ ತೋರಿಸುವ ಸಂಕೇತ, ಮತ್ತು ಯು.ಎಸ್.ಬಿ.ಗೆ ಚುಚ್ಚುವ ಭದ್ರತಾ ಕೀಲಿ ಅಥವಾ ಫೋನು, ಕಂಪ್ಯೂಟರಿನಲ್ಲೇ ಉಳಿಯುವ, ಅದರದ್ದೇ ಕುಲದ ಪಾಸ್‌ಕೀ. ಎಸ್‌ಎಂಎಸ್ಸಿನ ದೋಷ ಎಲ್ಲರಿಗೂ ಗೊತ್ತಿರುವಂಥದ್ದೇ: ಟೆಲಿಫೋನ್ ಕಂಪನಿಗೆ ಸುಳ್ಳು ಹೇಳಿ ನಿಮ್ಮ ನಂಬರಿಗೆ ಬೇರೆ ಸಿಮ್ ಪಡೆದವನಿಗೆ ಒಟಿಪಿಯೂ ಹೋಗುತ್ತದೆ. ಆ್ಯಪ್ ಈ ದೋಷವನ್ನು ನೀಗುತ್ತದೆ. ಆದರೆ ನಿಮ್ಮ ಲಾಗಿನ್ ಪುಟದಂತೆಯೇ ಕಾಣುವ ನಕಲಿ ಪುಟದಲ್ಲಿ ಸಿಬ್ಬಂದಿಯೇ ಆ ಆರು ಅಂಕಿಗಳನ್ನು ತುಂಬಿದರೆ? ಆ ಕ್ಷಣವೇ ಕಳ್ಳ ಅದನ್ನು ನಿಜವಾದ ಪುಟದಲ್ಲಿ ಬಳಸುತ್ತಾನೆ.

ಭದ್ರತಾ ಕೀಲಿ ಸೋಲದಿರುವುದು ಇಲ್ಲೇ. ಪುಟದ ವಿಳಾಸ ಅಸಲಿಯೋ ನಕಲಿಯೋ ಎಂದು ಮನುಷ್ಯ ನೋಡುವುದಿಲ್ಲ, ಯಂತ್ರವೇ ನೋಡುತ್ತದೆ. ನಕಲಿ ವಿಳಾಸಕ್ಕೆ ಅದು ಬಾಯಿಯೇ ಬಿಡುವುದಿಲ್ಲ. 2022ರಲ್ಲಿ ಟ್ವಿಲಿಯೋ ಮತ್ತು ಕ್ಲೌಡ್‌ಫ್ಲೇರ್ ಕಂಪನಿಗಳ ನೌಕರರಿಗೆ ಹೆಚ್ಚು ಕಡಿಮೆ ಒಂದೇ ಸಮಯದಲ್ಲಿ ಒಂದೇ ಬಗೆಯ ಮೋಸದ ಎಸ್‌ಎಂಎಸ್‌ಗಳು ಬಂದವು. ಎರಡೂ ಕಡೆ ಕೆಲವರು ನಂಬಿ ಪಾಸ್‌ವರ್ಡ್ ತುಂಬಿದರು. ಟ್ವಿಲಿಯೋದಲ್ಲಿ ಕಳ್ಳರು ಒಳಹೊಕ್ಕು ಗ್ರಾಹಕರ ಮಾಹಿತಿ ನೋಡಿದರು. ಕ್ಲೌಡ್‌ಫ್ಲೇರ್‌ನಲ್ಲಿ ಮೂವರು ಮೋಸ ಹೋದರೂ ಕಳ್ಳರು ಹೊಸ್ತಿಲಲ್ಲೇ ನಿಂತರು, ಏಕೆಂದರೆ ಅಲ್ಲಿ ಎಲ್ಲರ ಕೈಗೂ ಭದ್ರತಾ ಕೀಲಿ ಕೊಟ್ಟಿದ್ದರು. ಎಲ್ಲರಿಗೂ ಕೊಡಿಸಲು ಆಗದಿದ್ದರೆ ಇಡೀ ಡೇಟಾಬೇಸನ್ನು ನೋಡಬಲ್ಲವರಿಗಾದರೂ ಕೊಡಿಸಿ, ಒಬ್ಬೊಬ್ಬರಿಗೆ ಎರಡರಂತೆ. ಒಂದು ಕಳೆಯುತ್ತದೆ.

ಹಾಗೆಯೇ, ನಾಲ್ವರು ಒಂದೇ ಲಾಗಿನ್ ಹಂಚಿಕೊಳ್ಳುವುದಕ್ಕೆ ಮಾತ್ರ ಯಾವ ಹೋಲಿಕೆಯಲ್ಲೂ ಜಾಗವಿಲ್ಲ. ಮಾಹಿತಿ ಹೋದ ದಿನ ನಾಲ್ವರೂ "ನಾನಲ್ಲ" ಎನ್ನುತ್ತಾರೆ, ಮೂವರ ಮಾತು ನಿಜವೂ ಆಗಿರುತ್ತದೆ.

ಅಳಿಸುವುದೋ, ಅನಾಮಿಕ ಮಾಡುವುದೋ

ಕೆಲಸ ಮುಗಿದ ಮಾಹಿತಿಯನ್ನು ಅಳಿಸಲು ಯಾರಿಗೂ ಮನಸ್ಸು ಬರುವುದಿಲ್ಲ. "ಹೆಸರು ತೆಗೆದು ಉಳಿದದ್ದನ್ನು ಇಟ್ಟುಕೊಳ್ಳೋಣ, ಅಂಕಿಅಂಶಕ್ಕೆ ಬೇಕು" ಎನ್ನುತ್ತಾರೆ. ಹೆಸರು ತೆಗೆದರೆ ಮನುಷ್ಯ ಮರೆಯಾಗುವುದಿಲ್ಲ. ಅಮೆರಿಕದ ಸಂಶೋಧಕಿ ಲತಾನ್ಯಾ ಸ್ವೀನಿ 2000ದಲ್ಲಿ ತೋರಿಸಿದಂತೆ, ಹುಟ್ಟಿದ ದಿನಾಂಕ, ಲಿಂಗ, ಅಂಚೆಯ ಪಿನ್ ಸಂಖ್ಯೆ ಈ ಮೂರಿದ್ದರೆ ಅಲ್ಲಿನ ಸುಮಾರು 87% ಜನರು ಒಬ್ಬೊಬ್ಬರಾಗಿ ಬೇರೆಯೇ ಎದ್ದು ಕಾಣುವ ಸಾಧ್ಯತೆಯಿತ್ತು. ಅದಕ್ಕೂ ಮೊದಲು ಆಕೆ, ಹೆಸರು ತೆಗೆದು ಹಂಚಿದ ಆಸ್ಪತ್ರೆ ದಾಖಲೆಗಳ ರಾಶಿಯಿಂದ ಮ್ಯಾಸಚೂಸೆಟ್ಸ್‌ನ ರಾಜ್ಯಪಾಲ ವಿಲಿಯಂ ವೆಲ್ಡ್ ಅವರ ದಾಖಲೆಯನ್ನು ಹೆಕ್ಕಿ ತೆಗೆದಿದ್ದರು. ಬಳಸಿದ್ದು ಯಾರು ಬೇಕಾದರೂ ಕೊಳ್ಳಬಹುದಾಗಿದ್ದ ಮತದಾರರ ಪಟ್ಟಿ. ಅಂಕಿಅಂಶ ನಿಜಕ್ಕೂ ಬೇಕಿದ್ದರೆ ಒಟ್ಟು ಮೊತ್ತಗಳನ್ನು ಬರೆದಿಟ್ಟುಕೊಂಡು ಸಾಲುಗಳನ್ನು ಅಳಿಸಿಬಿಡಿ. ದಿನಾಂಕದ ಬದಲು ವರ್ಷ ಸಾಕೇ, ವಿಳಾಸದ ಬದಲು ಜಿಲ್ಲೆ ಸಾಕೇ ಎಂದು ಕೇಳಿಕೊಳ್ಳಿ.

ಅಳಿಸುವುದು ಎಂದರೆ ಡಿಲೀಟ್ ಒತ್ತುವುದಲ್ಲ. ಎಂ.ಐ.ಟಿ.ಯ ಇಬ್ಬರು ವಿದ್ಯಾರ್ಥಿಗಳು ಬಳಸಿ ಮಾರಿದ 158 ಹಾರ್ಡ್ ಡಿಸ್ಕ್‌ಗಳನ್ನು ಕೊಂಡು ನೋಡಿ, 2003ರಲ್ಲಿ ಬರೆದರು. ಓಡುವ ಸ್ಥಿತಿಯಲ್ಲಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದು 12 ಮಾತ್ರ. ಉಳಿದವುಗಳಿಂದ ಸಾವಿರಾರು ಕಾರ್ಡ್ ಸಂಖ್ಯೆಗಳು ಎದ್ದು ಬಂದವು. ಹಳೆಯ ಡಿಸ್ಕಿನ ಮೇಲೆ ಪೂರ್ತಿ ಹೊಸದಾಗಿ ಬರೆಯಬೇಕು ಇಲ್ಲವೇ ಪುಡಿ ಮಾಡಿಸಬೇಕು. ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್.ಎಸ್.ಡಿ.ಯಲ್ಲಿ ಮೇಲೆ ಬರೆಯುವುದು ನೆಚ್ಚಿಕೊಳ್ಳುವಂಥದ್ದಲ್ಲ, ತಯಾರಕರೇ ಕೊಡುವ ಅಳಿಸುವ ಆಜ್ಞೆಯನ್ನು ಬಳಸಬೇಕು. ಮೊದಲ ದಿನದಿಂದಲೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ಕೆಲಸ ಇನ್ನೂ ಹಗುರ: ಕೀಲಿಯ ಎಲ್ಲ ಪ್ರತಿಗಳನ್ನೂ ನಾಶ ಮಾಡಿದರೆ ಸಾಕು.

ಕೊಳ್ಳುವ ಮುಂಚೆ

ಇಷ್ಟೆಲ್ಲ ಒಮ್ಮೆಗೇ ಆಗುವ ಮಾತಲ್ಲ. ಕೈಯಲ್ಲಿ ಹಣ ಕಡಿಮೆ ಇದ್ದರೆ ನಾನು ಹಿಡಿಯುವ ಕ್ರಮ ಇದು: ಮೊದಲು ಬೇಡದ್ದನ್ನು ಅಳಿಸುವುದು, ಆಮೇಲೆ ಎಲ್ಲ ಲ್ಯಾಪ್‌ಟಾಪ್‌ಗಳ ಡಿಸ್ಕ್ ಎನ್‌ಕ್ರಿಪ್ಷನ್, ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಮತ್ತು ಆ್ಯಪ್ ಸಂಕೇತ, ಆಮೇಲೆ ಬೇರೆ ಜಾಗದ ಬ್ಯಾಕಪ್. ಇವುಗಳಿಗೆ ಹಣಕ್ಕಿಂತ ಹೆಚ್ಚು ಬೇಕಾಗುವುದು ಹಟ. ಟೋಕನ್, ಅಂಕಣದ ಎನ್‌ಕ್ರಿಪ್ಷನ್, ಭದ್ರತಾ ಕೀಲಿಗಳು ಇದರ ನಂತರ. ಆದರೆ ಚಿಕಿತ್ಸೆಯ ದಾಖಲೆ ಇಟ್ಟುಕೊಳ್ಳುವ ಸಂಸ್ಥೆಗೆ ಅಂಕಣದ ಎನ್‌ಕ್ರಿಪ್ಷನ್ ಮೊದಲ ಸಾಲಿಗೇ ಬರಬೇಕು.

ಕಾನೂನಿನ ಲೆಕ್ಕದಲ್ಲೂ ಈ ಆಯ್ಕೆಗಳು ಒಂದೇ ಅಲ್ಲ. 2018ರ ಮೇ 25ರಿಂದ ಜಾರಿಯಲ್ಲಿರುವ ಯುರೋಪಿನ ಡೇಟಾ ರಕ್ಷಣಾ ಕಾನೂನು ಜಿ.ಡಿ.ಪಿ.ಆರ್. ಪ್ರಕಾರ, ಜನರಿಗೆ ಅಪಾಯ ತರಬಹುದಾದ ಸೋರಿಕೆ ಗೊತ್ತಾದ 72 ಗಂಟೆಯೊಳಗೆ ಮೇಲ್ವಿಚಾರಣಾ ಪ್ರಾಧಿಕಾರಕ್ಕೆ ತಿಳಿಸಬೇಕು. ಅಪಾಯ ದೊಡ್ಡದಾಗಿದ್ದರೆ ಜನರಿಗೂ ತಿಳಿಸಬೇಕು. ಆದರೆ ಒಯ್ದವನಿಗೆ ಓದಲು ಬಾರದಂತೆ ಎನ್‌ಕ್ರಿಪ್ಟ್ ಆಗಿದ್ದರೆ ಜನರಿಗೆ ಒಬ್ಬೊಬ್ಬರಾಗಿ ತಿಳಿಸುವ ಹೊಣೆಯಿಂದ ವಿನಾಯಿತಿ ಇದೆ. ನಿಮ್ಮ ಗ್ರಾಹಕರು ಯಾವ ದೇಶದವರೋ ಅಲ್ಲಿನ ನಿಯಮ ಏನೆಂದು ಬಲ್ಲವರನ್ನು ಕೇಳಿ.

ಮಾರಲು ಬಂದವರ ಮುಂದೆ ಎರಡು ಪ್ರಶ್ನೆ ಇಡಿ. ಕೀಲಿ ಯಾರ ಬಳಿ ಇರುತ್ತದೆ? ನೀವು ಕೊಡುವ ಸಾಮಾನು ಸದ್ದಿಲ್ಲದೆ ಕೆಲಸ ನಿಲ್ಲಿಸಿದರೆ ಅದು ಯಾರಿಗೆ, ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ? ಎರಡನೆಯದಕ್ಕೆ ತಡವರಿಸುವವರೇ ಹೆಚ್ಚು. 2017ರಲ್ಲಿ ಸುಮಾರು 14.7 ಕೋಟಿ ಜನರ ಮಾಹಿತಿ ಕಳೆದುಕೊಂಡ, ಜನರ ಸಾಲದ ಇತಿಹಾಸ ಇಡುವ ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿಯಲ್ಲಿ, ಜಾಲದಲ್ಲಿ ಹರಿಯುವ ದತ್ತಾಂಶವನ್ನು ತಪಾಸಣೆ ಮಾಡುವ ಉಪಕರಣ ಮೊದಲೇ ಇತ್ತು. ಎನ್‌ಕ್ರಿಪ್ಟ್ ಆದ ದತ್ತಾಂಶವನ್ನು ಬಿಡಿಸಿ ನೋಡಲು ಅದಕ್ಕೆ ಬೇಕಿದ್ದ ಡಿಜಿಟಲ್ ಸರ್ಟಿಫಿಕೇಟಿನ ಅವಧಿ ಮುಗಿದು ಅದು ಕುರುಡಾಗಿತ್ತು, ಯಾರೂ ಗಮನಿಸಿರಲಿಲ್ಲ. ಮೇ ತಿಂಗಳಲ್ಲಿ ಒಳಬಂದ ಕಳ್ಳರು ಜುಲೈ ಕೊನೆಯವರೆಗೂ ಮೂಟೆ ಹೊರುತ್ತಲೇ ಇದ್ದರು. ಜುಲೈ 29ರಂದು ಸರ್ಟಿಫಿಕೇಟ್ ನವೀಕರಿಸಿದರು. ಉಪಕರಣಕ್ಕೆ ಕಣ್ಣು ಬಂದದ್ದೇ ತಡ, ಹೊರಗೆ ಹೋಗುತ್ತಿದ್ದ ಸಾಲು ಕಂಡಿತು.